ಹನ್ನೊಂದು ವರ್ಷದ ಐ7-4790ರಲ್ಲಿ ಸೈಬರ್‌ಪಂಕ್ ಓಡುತ್ತಾ? ದಾವಣಗೆರೆಯಿಂದ ಒಂದು ಬಿಲ್ಡ್ ಲಾಗ್

ಕೆಲಸ ಇಷ್ಟು: ತಂಗಿ ಮಗನಿಗೆ ಗೇಮ್ ಆಡುವ ಪಿಸಿ ಬೇಕು. ಬಜೆಟ್ 30,000 ರೂ. ಮಾನಿಟರ್ ಮನೆಯಲ್ಲೇ ಇದೆ, 24 ಇಂಚು, 1080ಪಿ, 60 ಹರ್ಟ್ಸ್. ಅವನು ಕೊಟ್ಟ ಪಟ್ಟಿಯಲ್ಲಿ ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಶನ್ 2, ಬಾಲ್ಡರ್ಸ್ ಗೇಟ್ 3, ಎಲ್ಡನ್ ರಿಂಗ್ ಇವೆ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಎಲ್ಲ ಹೊಸದು ಅಂತ ಹೋದರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಉಳಿಯುವುದಿಲ್ಲ. ಹಾಗಾಗಿ ಹಳೇ ಪ್ರೊಸೆಸರ್, ಸೆಕೆಂಡ್ ಹ್ಯಾಂಡ್ ಆದರೂ ಒಳ್ಳೆಯ ಕಾರ್ಡ್ ಅನ್ನುವ ಲೆಕ್ಕ ಹಾಕಿದೆ.

ಪ್ರೊಸೆಸರ್ ಆರಿಸುವಾಗ ನನ್ನ ಕಣ್ಣಿಗೆ ಬಿದ್ದ ಒಂದು ವಿಷಯ. ಸೈಬರ್‌ಪಂಕ್ 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಅದರ ಶಿಫಾರಸು ಪಟ್ಟಿಯಲ್ಲಿದ್ದ ಇಂಟೆಲ್ ಪ್ರೊಸೆಸರ್ ಐ7-4790. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂತು. ಪಟ್ಟಿ ಬದಲಾಯಿತು. ಕನಿಷ್ಠವೇ ಐ7-6700 ಆಯಿತು, ಶಿಫಾರಸು ಐ7-12700ಕ್ಕೆ ಹೋಯಿತು. ಮೂರು ವರ್ಷದೊಳಗೆ ಅದೇ ಗೇಮ್‌ಗೆ 4790 'ಚೆನ್ನಾಗಿ ಓಡುತ್ತೆ'ಯಿಂದ 'ಕನಿಷ್ಠಕ್ಕೂ ಸಾಲದು'ಗೆ ಇಳಿಯಿತು. ಪಟ್ಟಿ ಏನೇ ಹೇಳಲಿ, ಕೂರಿಸಿ ನೋಡೋಣ ಅನ್ನಿಸಿತು.

ಇನ್ನೊಂದು ಕಾರಣ ಎವಿಎಕ್ಸ್2, ಅಂದರೆ ಪ್ರೊಸೆಸರ್ ಒಂದೇ ಸಲಕ್ಕೆ ಹಲವು ಲೆಕ್ಕ ಮಾಡುವ ಸೌಲಭ್ಯ. ಕೆಲವು ಹೊಸ ಗೇಮ್‌ಗಳು ಈ ಸೌಲಭ್ಯ ಇಲ್ಲದ ಪ್ರೊಸೆಸರ್‌ನಲ್ಲಿ ತೆರೆಯುವುದೇ ಇಲ್ಲ. ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ ಇದು ಶುರುವಾಗಿದ್ದು 2013ರ ಹ್ಯಾಸ್‌ವೆಲ್‌ನಿಂದ, ಅಂದರೆ ನಾಲ್ಕನೇ ಜನರೇಶನ್‌ನಿಂದ. ಮೂರನೇ ಜನರೇಶನ್‌ನ ಐ7-3770 ಇನ್ನೂ ಅಗ್ಗಕ್ಕೆ ಸಿಗುತ್ತದೆ. ಬೇಡ.

ಹಂತ 1: ಸಿಕ್ಕ ಪೆಟ್ಟಿಗೆ (2025, ಏಪ್ರಿಲ್ ಮೊದಲ ವಾರ)

ಊರಲ್ಲಿ ಒಂದು ಕಂಪ್ಯೂಟರ್ ಕೋಚಿಂಗ್ ಸೆಂಟರ್ ಮುಚ್ಚಿತು. ಅಲ್ಲಿನ ಒಂದು ಸಿಪಿಯು ಪೆಟ್ಟಿಗೆ 4,000 ರೂಪಾಯಿಗೆ ಬಂತು. ಒಳಗೆ ಐ5-4570, ಎಚ್81 ಚಿಪ್‌ಸೆಟ್ ಬೋರ್ಡ್, 8 ಜಿಬಿಯ ಒಂದೇ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಎಲ್ಲಕ್ಕೂ ಕರೆಂಟ್ ಕೊಡುವ ಲೋಕಲ್ ಎಸ್‌ಎಂಪಿಎಸ್.

ಮೊದಲು ಟೆರೇಸ್ ಮೇಲೆ ಇಟ್ಟು ಬ್ಲೋವರ್ ಹಿಡಿದೆ. ಫ್ಯಾನ್ ರೆಕ್ಕೆಗಳನ್ನು ಬೆರಳಲ್ಲಿ ಹಿಡಿದುಕೊಂಡೇ ಊದಿ, ಸುಮ್ನೆ ಬಿಟ್ಟರೆ ಗಾಳಿಗೆ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಸಿಮಾಸ್ ಸೆಲ್ ಸತ್ತಿತ್ತು, ಪ್ರತಿ ಸಲ ಆನ್ ಮಾಡಿದಾಗ ತಾರೀಕು ಹಿಂದಕ್ಕೆ ಹೋಗುತ್ತಿತ್ತು. 40 ರೂಪಾಯಿಯ ಹೊಸ ಸೆಲ್ ಹಾಕಿದೆ.

ಎಸ್‌ಎಂಪಿಎಸ್ ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿತ್ತು. ಅದನ್ನು ನೋಡಬೇಡಿ. ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಸಾಲನ್ನು ನೋಡಿ. ಇದರಲ್ಲಿ 16 ಆಂಪ್ ಇತ್ತು. 12 ಗುಣಿಸು 16, ಅಂದರೆ 192 ವ್ಯಾಟ್. ನಾನು ಹಾಕಬೇಕೆಂದಿದ್ದ ಕಾರ್ಡಿಗೆ 132 ವ್ಯಾಟ್, ಪ್ರೊಸೆಸರ್‌ಗೆ 84. ಎರಡೇ ಸೇರಿ 216. ಜೊತೆಗೆ ಕಾರ್ಡಿಗೆ ಬೇಕಾದ 8 ಪಿನ್ ವೈರ್ ಕೂಡ ಇರಲಿಲ್ಲ. ಮೋಲೆಕ್ಸ್‌ನಿಂದ (ಹಳೇ ಮಾದರಿಯ ನಾಲ್ಕು ಪಿನ್ ವೈರ್) 8 ಪಿನ್ ಮಾಡುವ ಕನ್ವರ್ಟರ್ ಅಂಗಡಿಯಲ್ಲಿ ನೂರೈವತ್ತಕ್ಕೆ ಸಿಗುತ್ತಿತ್ತು. ಇಂಥ ಎಸ್‌ಎಂಪಿಎಸ್‌ಗೆ ಅದನ್ನು ಸಿಕ್ಕಿಸಿ ಕಾರ್ಡ್ ಓಡಿಸುವುದು ಅಪಾಯ. 550 ವ್ಯಾಟ್, 80 ಪ್ಲಸ್ ಬ್ರಾಂಜ್ ಎಸ್‌ಎಂಪಿಎಸ್ ಹೊಸದನ್ನೇ ತಂದೆ, 3,700 ರೂ. ಇಡೀ ಬಿಲ್ಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದ ವಸ್ತು ಇದೊಂದೇ.

ಹಂತ 2: ಕಾರ್ಡ್, ಎಸ್‌ಎಸ್‌ಡಿ, ಮೊದಲ ಅಳತೆ

ಕಾರ್ಡ್ ಎಎಂಡಿ ಆರ್‌ಎಕ್ಸ್ 6600, 8 ಜಿಬಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ 12,000 ರೂ. ಅಂಗಡಿಯವರು "ಏಳು ದಿನ ಚೆಕಿಂಗ್ ವಾರಂಟಿ ಸಾರ್, ಅದಾದ್ಮೇಲೆ ನನ್ನ ಕೇಳ್ಬೇಡಿ" ಅಂದರು. ಅಲ್ಲೇ ಅವರ ಬೆಂಚಿನ ಮೇಲೆ ಅರ್ಧ ಗಂಟೆ ಲೋಡ್ ಕೊಟ್ಟು ನೋಡಿದೆ. ಫ್ಯಾನ್ ಶಬ್ದ, ಪರದೆಯಲ್ಲಿ ಚುಕ್ಕಿ, ಸ್ಕ್ರೂ ತಲೆಗಳ ಮೇಲೆ ಬಿಚ್ಚಿದ ಗುರುತು, ಇಷ್ಟು ನೋಡಿದರೆ ಸಾಕು.

ಎನ್‌ವಿಡಿಯಾ ಯಾಕೆ ಬೇಡ ಅಂದರೆ, ಹಳೇ ಪ್ರೊಸೆಸರ್ ಇದ್ದಾಗ ಡೈರೆಕ್ಟ್‌ಎಕ್ಸ್ 12 ಗೇಮ್‌ಗಳಲ್ಲಿ ಅವರ ಡ್ರೈವರ್ ಪ್ರೊಸೆಸರ್‌ನಿಂದ ಜಾಸ್ತಿ ಕೆಲಸ ಕೇಳುತ್ತದೆ. ನಮ್ಮ ಹತ್ತಿರ ಕಡಿಮೆ ಇರುವುದೇ ಅದು.

1 ಟಿಬಿ ಸಾಟಾ ಎಸ್‌ಎಸ್‌ಡಿ 4,900 ರೂ. ಸೈಬರ್‌ಪಂಕ್ ಈಗ ಎಸ್‌ಎಸ್‌ಡಿ ಕಡ್ಡಾಯ ಅನ್ನುತ್ತದೆ. ಈ ಬೋರ್ಡ್‌ನಲ್ಲಿ ಹೊಸ ಮಾದರಿಯ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇಲ್ಲ, ಹಾಗಾಗಿ ಸಾಟಾ. ಹಾರ್ಡ್ ಡಿಸ್ಕ್‌ನಲ್ಲಿ ಗೇಮ್ ಇಟ್ಟು ಸುಮ್ನೆ ಒಮ್ಮೆ ಓಡಿಸಿದೆ. ಗಾಡಿ ಓಡಿಸುವಾಗ ರಸ್ತೆಯೇ ಲೋಡ್ ಆಗದೆ ಅರೆ ಸೆಕೆಂಡ್ ನಿಲ್ಲುತ್ತಿತ್ತು. 'ನನ್ನ ಸಿಪಿಯು ಹಳೇದಾಯ್ತು' ಅಂತ ಬೈಯುವವರಲ್ಲಿ ಎಷ್ಟೋ ಜನರ ನಿಜವಾದ ಸಮಸ್ಯೆ ಇದೇ ಇರಬಹುದು.

ಅಳತೆಯ ವಿಧಾನ: ಸೈಬರ್‌ಪಂಕ್‌ನ ಒಳಗಿರುವ ಬೆಂಚ್‌ಮಾರ್ಕ್ ಬಳಸಲಿಲ್ಲ, ಅದರಲ್ಲಿ ಪ್ರೊಸೆಸರ್‌ಗೆ ಸಂತೆಯಷ್ಟು ಕಷ್ಟ ಬರುವುದಿಲ್ಲ. ಜಪಾನ್‌ಟೌನ್‌ನ ಚೆರ್ರಿ ಬ್ಲಾಸಮ್ ಮಾರ್ಕೆಟ್‌ನಲ್ಲಿ ಪ್ರತಿ ಸಲ ಒಂದೇ ದಾರಿಯಲ್ಲಿ ಒಂದು ನಿಮಿಷ ನಡೆದೆ. ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ದಾಖಲು, ಪರದೆ ಮೇಲೆ ರಿವಾಟ್ಯೂನರ್. 1080ಪಿ, ಮೀಡಿಯಂ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಇಲ್ಲ. ಎರಡು ಸಂಖ್ಯೆ ಬರೆದುಕೊಂಡೆ, ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಮತ್ತು ಒಂದು ಪರ್ಸೆಂಟ್ ಲೋ. ಎರಡನೆಯದು ತೀರಾ ನಿಧಾನವಾದ ಫ್ರೇಮ್‌ಗಳ ಲೆಕ್ಕ. ಆಡುವಾಗ ಕೈಗೆ 'ಜಗ್' ಅಂತ ಅನಿಸುವುದು ಅದೇ, ಸರಾಸರಿಯಲ್ಲ.

ಐ5-4570, ಒಂದೇ 8 ಜಿಬಿ ರ‍್ಯಾಮ್: ಸರಾಸರಿ 34, ಲೋ 17. ನಾಲ್ಕೂ ಥ್ರೆಡ್ (ಪ್ರೊಸೆಸರ್ ಒಟ್ಟಿಗೆ ನಡೆಸುವ ಕೆಲಸದ ಸಾಲುಗಳು) 100 ಪರ್ಸೆಂಟ್. ಗ್ರಾಫಿಕ್ಸ್ ಕಾರ್ಡ್ ಬರೀ ಅರ್ಧ ಕೆಲಸ ಮಾಡುತ್ತಿತ್ತು. ಗೇಮ್‌ನ ಹಿಂದೆ ವಿಂಡೋಸ್ ಏನಾದರೂ ಅಪ್‌ಡೇಟ್ ಶುರು ಮಾಡಿದರೆ ಮಾತು ಒಂದು ಕಡೆ, ತುಟಿ ಒಂದು ಕಡೆ. ಹುಡುಗ ಸೆಟ್ಟಿಂಗ್ಸ್ ಎಲ್ಲ ಲೋಗೆ ಇಳಿಸಿದ. 35 ಆಯಿತು. ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿ ಹಿಗ್ಗಿಸುವ ಎಫ್‌ಎಸ್‌ಆರ್ ಅನ್ನು ಕ್ವಾಲಿಟಿಯಿಂದ ಪರ್ಫಾರ್ಮೆನ್ಸ್‌ಗೆ ಹಾಕಿದ. ಅದೇ 35. ಚಿತ್ರ ಮಸುಕಾಯಿತು ಅಷ್ಟೇ.

ಇದು ನೆನಪಿಡುವಂಥದ್ದು. ರೆಸಲ್ಯೂಶನ್, ಟೆಕ್ಸ್‌ಚರ್, ನೆರಳಿನ ಗುಣಮಟ್ಟ ಇಳಿಸಿದರೂ ಎಫ್‌ಪಿಎಸ್ ಏರದಿದ್ದರೆ ಕಾರ್ಡ್ ಕಾಯುತ್ತಾ ಕೂತಿದೆ ಅಂತ ಅರ್ಥ. ನಾಲ್ಕು ಥ್ರೆಡ್ ಸಿಪಿಯುಗೆ ಕಾಲ ಮುಗಿದಿದೆ. ರೆಡ್ ಡೆಡ್ 2 ಪಿಸಿಗೆ ಬಂದ 2019ರಲ್ಲೇ ನಾಲ್ಕು ಕೋರ್, ನಾಲ್ಕು ಥ್ರೆಡ್‌ನವರಿಗೆ ಗೇಮ್ ತಡೆತಡೆದು ನಿಲ್ಲುತ್ತಿತ್ತು, ಕಂಪನಿ ಪ್ಯಾಚ್ ಕೊಡಬೇಕಾಯಿತು.

ಹಂತ 3: ರ‍್ಯಾಮ್

ಡಿಡಿಆರ್3-1600ರ ಒಂದು ಕಡ್ಡಿ ಇದ್ದರೆ ಸೆಕೆಂಡಿಗೆ 12.8 ಜಿಬಿ. ಎರಡು ಇದ್ದರೆ ಡ್ಯುಯಲ್ ಚಾನೆಲ್, 25.6 ಜಿಬಿ. ಹಾಗಾಗಿ ಇನ್ನೊಂದು 8 ಜಿಬಿ ಬೇಕು.

ಆನ್‌ಲೈನ್‌ನಲ್ಲಿ 650 ರೂಪಾಯಿಗೆ ಹೊಸದು ಅಂತ ಒಂದು ಬಂತು. ಹಾಕಿದರೆ ಬೀಪ್ ಬೀಪ್, ಪರದೆ ಕಪ್ಪು. ಸ್ಲಾಟ್ ಬದಲಿಸಿದೆ, ಕಡ್ಡಿಯ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದೆ, ಅದೊಂದನ್ನೇ ಹಾಕಿ ನೋಡಿದೆ. ಇಲ್ಲ. ಆಮೇಲೆ ಸ್ಟಿಕ್ಕರ್ ನೋಡಿದರೆ ಮೂಲೆಯಲ್ಲಿ ಸಣ್ಣಗೆ 'ಎಎಂಡಿ' ಅಂತ ಅಚ್ಚಾಗಿತ್ತು. ಡಿಡಿಆರ್3ರಲ್ಲಿ ಇಂಥದ್ದೊಂದು ಜಾತಿ ಇದೆ. ಚಿಪ್ ಜೋಡಣೆ ಬೇರೆ ಇರುವುದರಿಂದ ಹಳೇ ಎಎಂಡಿ ಬೋರ್ಡ್‌ನಲ್ಲಿ ಮಾತ್ರ ನಡೆಯುತ್ತದೆ, ಇಂಟೆಲ್ ಬೋರ್ಡ್ ಗುರುತೇ ಹಿಡಿಯುವುದಿಲ್ಲ. 8 ಜಿಬಿ ಡಿಡಿಆರ್3 ಮಾರುಕಟ್ಟೆಗಿಂತ ತೀರಾ ಅಗ್ಗಕ್ಕೆ ಕಂಡರೆ ಈ ಜಾತಿಯೇ ಅಂತ ತಿಳಿಯಿರಿ. ವಾಪಸ್ ತೆಗೆದುಕೊಳ್ಳಲಿಲ್ಲ. 650 ಹೋಯಿತು.

ಎಸ್‌ಪಿ ರೋಡ್‌ನಿಂದ ಹೆಸರಿರುವ ಕಂಪನಿಯ ಹಳೇ ಕಡ್ಡಿ, 800 ರೂ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ, ತಪ್ಪು ಬರಲಿಲ್ಲ.

ಐ5 ಮತ್ತು 16 ಜಿಬಿ ಡ್ಯುಯಲ್ ಚಾನೆಲ್: 37, ಲೋ 22. ಸರಾಸರಿ ಮೂರೇ ಏರಿತು, ಲೋ ಐದು ಏರಿತು. 800 ರೂಪಾಯಿಗೆ ಇದಕ್ಕಿಂತ ಜಾಸ್ತಿ ಕೇಳಬಾರದು.

ಹಂತ 4: 4790 ಕೂರಿಸಿದ್ದು, ಪರದೆ ಕಪ್ಪಾದದ್ದು (ಏಪ್ರಿಲ್ ಮಧ್ಯ)

ಐ7-4790 ಬಿಡಿ ಚಿಪ್ 3,800 ರೂ. 4 ಕೋರ್, 8 ಥ್ರೆಡ್, 3.6 ಗಿಗಾಹರ್ಟ್ಸ್, ಟರ್ಬೊ 4.0, 8 ಎಂಬಿ ಕ್ಯಾಶ್. ಸಾಕೆಟ್ ಅದೇ ಎಲ್‌ಜಿಎ 1150. ಕೂರಿಸಿದೆ, ಆನ್ ಮಾಡಿದೆ. ಫ್ಯಾನ್ ತಿರುಗಿತು, ಪರದೆಯಲ್ಲಿ ಏನೂ ಇಲ್ಲ.

ಚಿಪ್ ಸತ್ತಿದೆ ಅಂತ ಅಂಗಡಿಗೆ ಫೋನ್ ಮಾಡುವ ಮುಂಚೆ ಬಯಾಸ್ (ಬೋರ್ಡ್‌ನ ಒಳಗಿನ ಮೂಲ ಸಾಫ್ಟ್‌ವೇರ್) ತಾರೀಕು ನೋಡಿದ್ದು ಒಳ್ಳೇದಾಯಿತು. ಐ5-4570 ಬಂದಿದ್ದು 2013ರಲ್ಲಿ. 4790 ಬಂದಿದ್ದು 2014ರಲ್ಲಿ, ಹ್ಯಾಸ್‌ವೆಲ್ ರಿಫ್ರೆಶ್ ಅಂತ. ಈ ಬೋರ್ಡ್‌ನ ಬಯಾಸ್ 2013ರದ್ದು, ಹೊಸ ಚಿಪ್ಪಿನ ಪರಿಚಯವೇ ಇಲ್ಲ. ಮತ್ತೆ ಐ5 ಹಾಕಿ, ಬೋರ್ಡ್ ಕಂಪನಿಯ ಸೈಟ್‌ನಿಂದ ಕೊನೆಯ ಬಯಾಸ್ ಇಳಿಸಿ, ಎಫ್‌ಎಟಿ32 ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯಾಸ್ ಒಳಗಿನಿಂದಲೇ ಅಪ್‌ಡೇಟ್ ಮಾಡಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟ್ ನಂಬುವ ಹಾಗಿಲ್ಲ. ಯುಪಿಎಸ್‌ಗೆ ಸಿಕ್ಕಿಸಿ, ರಾತ್ರಿ ಹತ್ತರ ಮೇಲೆ ಈ ಕೆಲಸ ಮಾಡಿದೆ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡ್ ಕಥೆ ಮುಗಿಯುತ್ತದೆ.

ಆಮೇಲೆ 4790 ಮೊದಲ ಸಲಕ್ಕೇ ಎದ್ದಿತು. ಆದರೆ ಮಾರ್ಕೆಟ್ ಅಳತೆ 41, ಲೋ 24. ಎಂಟು ಥ್ರೆಡ್‌ಗೆ ಇದು ಕಡಿಮೆ ಅಲ್ವಾ?

ಹಂತ 5: ಬಿಸಿ

ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದರೆ ಉತ್ತರ ಅಲ್ಲೇ ಇತ್ತು. ಪ್ರೊಸೆಸರ್ 100 ಡಿಗ್ರಿ. ಈ ಚಿಪ್ಪಿನ ಮಿತಿಯೇ 100, ಅಲ್ಲಿಗೆ ಮುಟ್ಟಿದ ತಕ್ಷಣ ತಾನೇ ವೇಗ ಇಳಿಸಿಕೊಳ್ಳುತ್ತದೆ. 3.8 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದದ್ದು 3ರ ಹತ್ತಿರ ಕುಂಟುತ್ತಿತ್ತು. ದಾವಣಗೆರೆ, ಏಪ್ರಿಲ್, ಕೋಣೆಯೊಳಗೆ 36 ಡಿಗ್ರಿ. ಡಬ್ಬದ ಜೊತೆ ಬರುವ ಇಂಟೆಲ್ ಕೂಲರ್, ಅದೂ ಐ5ಗೆ ಕೊಟ್ಟಿದ್ದು. ಅದರ ನಾಲ್ಕು ಪುಶ್ ಪಿನ್‌ಗಳಲ್ಲಿ ಒಂದು ಪೂರ್ತಿ ಕೂತಿರಲಿಲ್ಲ. ಬೋರ್ಡ್ ಹಿಂದಿನಿಂದ ನೋಡಿದರೆ ನಾಲ್ಕೂ ಪಿನ್‌ಗಳ ಬಿಳಿ ಕಾಲು ಅಗಲವಾಗಿ ಹೊರಗೆ ಬಂದಿರಬೇಕು. ಇದರಲ್ಲಿ ಮೂರೇ ಬಂದಿದ್ದವು.

ಅದನ್ನು ಸರಿ ಮಾಡಿ ಹೊಸ ಪೇಸ್ಟ್ ಹಾಕಿದೆ, ಪೇಸ್ಟ್ 350 ರೂ. 100ರಿಂದ 93ಕ್ಕೆ ಬಂತು. ಸಾಲದು. ಹ್ಯಾಸ್‌ವೆಲ್‌ನಲ್ಲಿ ಚಿಪ್ ಮತ್ತು ಮೇಲಿನ ಲೋಹದ ಮುಚ್ಚಳದ ನಡುವೆ ಬೆಸುಗೆ ಇಲ್ಲ, ಪೇಸ್ಟ್ ಇದೆ. ಹತ್ತು ವರ್ಷದಲ್ಲಿ ಅದೂ ಒಣಗಿರಬಹುದು. ಮುಚ್ಚಳ ಬಿಚ್ಚಿ ಪೇಸ್ಟ್ ಬದಲಿಸುವ ಜನ ಇದ್ದಾರೆ. 3,800ರ ಚಿಪ್ಪಿಗೆ ಬ್ಲೇಡ್ ಹಿಡಿಯುವ ಧೈರ್ಯ ನನಗಿಲ್ಲ.

120 ಮಿಮೀ ಫ್ಯಾನ್‌ನ ಟವರ್ ಕೂಲರ್ ತಂದೆ, 1,500 ರೂ. ಕೊಳ್ಳುವಾಗ ನೋಡಬೇಕಾದದ್ದು ತೂತಿನ ಅಂತರ. ಎಲ್‌ಜಿಎ 1150ಕ್ಕೆ 75 ಮಿಮೀ, 1151 ಮತ್ತು 1200ಕ್ಕೂ ಅದೇ. 1700ಕ್ಕೆ 78. ಬರೀ ಹೊಸ ಸಾಕೆಟ್‌ಗೆ ಅಂತ ಬರುವ ಬ್ರಾಕೆಟ್ ಇದಕ್ಕೆ ಕೂರುವುದಿಲ್ಲ. ಕ್ಯಾಬಿನೆಟ್‌ನ ಅಗಲವನ್ನೂ ಟೇಪ್ ಹಿಡಿದು ಅಳೆದುಕೊಂಡು ಹೋಗಿ. ಇದರ ಪಕ್ಕದ ಬಾಗಿಲು ಕೂಲರ್‌ಗೆ ಹೆಚ್ಚು ಕಡಿಮೆ ತಾಗುವಷ್ಟು ಹತ್ತಿರ ಬಂತು.

ಫಲ: 76 ಡಿಗ್ರಿ, ಎಲ್ಲ ಕೋರ್ ದುಡಿಯುವಾಗಲೂ 3.8 ಗಿಗಾಹರ್ಟ್ಸ್ ಇಳಿಯಲಿಲ್ಲ. ಮಾರ್ಕೆಟ್‌ನಲ್ಲಿ 49, ಲೋ 33. ಐ5ರ 22 ಎಲ್ಲಿ, ಇದರ 33 ಎಲ್ಲಿ! ಅದೇ ತಲೆಮಾರು, ಅದೇ ನಾಲ್ಕು ಕೋರ್. ನಾಲ್ಕು ಥ್ರೆಡ್, ಸ್ವಲ್ಪ ಕ್ಯಾಶ್ ಮತ್ತು ಸ್ವಲ್ಪ ವೇಗ ಜಾಸ್ತಿ ಅಷ್ಟೇ.

ಹಂತ 6: ಬೋರ್ಡ್‌ನಲ್ಲಿದ್ದ ತೊಡಕು (ಮೇ)

ಮಾರ್ಕೆಟ್ ಸರಿಹೋಯಿತು, ಆದರೆ ಕಾರಿನಲ್ಲಿ ವೇಗವಾಗಿ ಹೋಗುವಾಗ ಆಗಾಗ ಜಗ್ಗುತ್ತಿತ್ತು. ಪ್ರೊಸೆಸರ್ 80 ಪರ್ಸೆಂಟ್, ಕಾರ್ಡ್ 70 ಪರ್ಸೆಂಟ್. ಇಬ್ಬರೂ ಪೂರ್ತಿ ದುಡಿಯುತ್ತಿಲ್ಲ, ಆದರೂ ತಡೆ.

ಜಿಪಿಯು-ಝಡ್ ತೆರೆದು ಬಸ್ ಸಾಲು, ಅಂದರೆ ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿ, ನೋಡಿದೆ. ಪಿಸಿಐ ಎಕ್ಸ್‌ಪ್ರೆಸ್ 2.0, ಎಂಟು ಲೇನ್ ಅಂತ ಇತ್ತು. ಪ್ರೊಸೆಸರ್ 3.0 ಕೊಡಬಲ್ಲದು, ಕಾರ್ಡ್ 4.0 ಬಲ್ಲದು. ನಡುವಿನ ಎಚ್81 ಚಿಪ್‌ಸೆಟ್ ಅಗ್ಗದ ಮಾದರಿ, ಇಂಟೆಲ್ ಅದರಲ್ಲಿ ಕಾರ್ಡ್ ಸ್ಲಾಟನ್ನು 2.0ಕ್ಕೇ ಕಟ್ಟಿಹಾಕಿದೆ. 16 ಲೇನ್ ಬಳಸುವ ಕಾರ್ಡ್ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆರ್‌ಎಕ್ಸ್ 6600 ಬಳಸುವುದೇ ಎಂಟು ಲೇನ್. ಹಾಗಾಗಿ ಸೆಕೆಂಡಿಗೆ 4 ಜಿಬಿ ಮಾತ್ರ. 3.0 ಆದರೆ ಹತ್ತಿರ ಹತ್ತಿರ 8. ಕಾರ್ಡ್ ಆರಿಸುವಾಗ ಅದರ ಲೇನ್ ನೋಡಿದ್ದೆ, ಬೋರ್ಡ್‌ನ ಚಿಪ್‌ಸೆಟ್ ನೋಡಿರಲಿಲ್ಲ. ಹ್ಯಾಸ್‌ವೆಲ್ ಪೆಟ್ಟಿಗೆ ಕೊಳ್ಳುವವರು ಬಿ85, ಎಚ್87, ಝಡ್87, ಝಡ್97 ಇವುಗಳಲ್ಲಿ ಒಂದನ್ನು ನೋಡಿ ಕೊಳ್ಳಿ. ಕೋಚಿಂಗ್ ಸೆಂಟರ್, ಸೈಬರ್ ಸೆಂಟರ್ ಪೆಟ್ಟಿಗೆಗಳಲ್ಲಿ ಎಚ್81 ಇರುವ ಸಾಧ್ಯತೆಯೇ ಜಾಸ್ತಿ.

ಬಿ85 ಬೋರ್ಡ್ ಹಳೇದು, 2,900 ರೂ. ಈ ಸಲ 4790 ಅನ್ನು ಡಬ್ಬಿಯಲ್ಲಿಟ್ಟುಕೊಂಡು ರ‍್ಯಾಮ್ ಸಮೇತ ಅಂಗಡಿಗೆ ಹೋದೆ. ಅಲ್ಲೇ ಹಾಕಿಸಿ ಬಯಾಸ್ ಪರದೆ ನೋಡಿದೆ. ಈ ಸಾಕೆಟ್‌ನಲ್ಲಿ ಪಿನ್‌ಗಳಿರುವುದು ಬೋರ್ಡ್ ಕಡೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಫೋಟೊ ತೆಗೆದು ಝೂಮ್ ಮಾಡಿದರೆ ಬಾಗಿದ ಪಿನ್ ಗೊತ್ತಾಗುತ್ತದೆ. ಮೊದಲು ತೋರಿಸಿದ ಬೋರ್ಡ್‌ನಲ್ಲಿ ಒಂದು ಮೂಲೆ ಬಾಗಿತ್ತು. ಆನ್ ಆಗುತ್ತಿತ್ತು, ಆದರೆ 16 ಜಿಬಿಯಲ್ಲಿ 8 ಮಾತ್ರ ಕಾಣುತ್ತಿತ್ತು. ಒಂದು ಮೆಮೊರಿ ಚಾನೆಲ್ ಹೋಗಿರುವ ಲಕ್ಷಣ. ಆನ್ ಆಯಿತು ಅಂತ ಖುಷಿಯಲ್ಲಿ ಅದನ್ನೇ ಕಟ್ಟಿಸಿಕೊಂಡು ಬರಬೇಡಿ, ಎರಡೂ ಚಾನೆಲ್‌ನಲ್ಲಿ ಕಡ್ಡಿ ಹಾಕಿಸಿ ನೋಡಿ.

ಬಿ85ರಲ್ಲಿ ಮಾರ್ಕೆಟ್ 51, ಲೋ 38. ಸರಾಸರಿ ಎರಡು, ಲೋ ಐದು. ಕಾರಿನಲ್ಲಿ ಬರುತ್ತಿದ್ದ ಜಗ್ಗಾಟ ಹೆಚ್ಚು ಕಡಿಮೆ ಹೋಯಿತು.

ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟುವ ರೀಸೈಜಬಲ್ ಬಾರ್ ಆ ಕಾಲದ ಬೋರ್ಡ್‌ಗಳಲ್ಲಿ ಇಲ್ಲ. ಬಯಾಸ್ ತಿದ್ದಿ ಹಾಕುವ ದಾರಿ ಇದೆ, ನಾನು ಅತ್ತ ಹೋಗಲಿಲ್ಲ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳಿಗೆ ವಿಂಡೋಸ್ ಹಾಕಿದ ರಕ್ಷಣೆಯನ್ನು ತೆಗೆದರೆ ವೇಗ ಏರುತ್ತದೆ ಅನ್ನುವವರೂ ಇದ್ದಾರೆ. ಅದೇ ಕಂಪ್ಯೂಟರ್‌ನಲ್ಲಿ ತಂಗಿ ಬ್ಯಾಂಕ್ ಲಾಗಿನ್ ಮಾಡುತ್ತಾಳೆ. ಮುಟ್ಟಲಿಲ್ಲ.

ಹಂತ 7: ಸೆಟ್ಟಿಂಗ್ಸ್

"ಮಾವ, ರೇ ಟ್ರೇಸಿಂಗ್ ಹಾಕ್ಲಾ?" ಅಂತ ಹುಡುಗ ಕೇಳುತ್ತಲೇ ಇದ್ದ. ಹಾಕು ಅಂದೆ. ಲೋ 24ಕ್ಕೆ ಬಿತ್ತು. ರೇ ಟ್ರೇಸಿಂಗ್ ಕಾರ್ಡಿನ ಕೆಲಸ ಮಾತ್ರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಪ್ರತಿ ಫ್ರೇಮಿಗೂ ದೃಶ್ಯದ ಲೆಕ್ಕವನ್ನು ಹೊಸದಾಗಿ ಕಟ್ಟಿಕೊಡುವುದರಲ್ಲಿ ಪ್ರೊಸೆಸರ್‌ಗೂ ದೊಡ್ಡ ಪಾಲಿದೆ. ಅವನೇ ತೆಗೆದ.

ನಿಜಕ್ಕೂ ಕೆಲಸ ಮಾಡಿದ ಸೆಟ್ಟಿಂಗ್ ಒಂದೇ, ಕ್ರೌಡ್ ಡೆನ್ಸಿಟಿ. ಹೈಯಿಂದ ಲೋಗೆ ಇಳಿಸಿದ ತಕ್ಷಣ 57, ಲೋ 43. ರಸ್ತೆಯಲ್ಲಿ ಜನ ಕಡಿಮೆಯಾದರು, ಆಟಕ್ಕೆ ಏನೂ ಕಮ್ಮಿ ಆಗಲಿಲ್ಲ. ಟೆಕ್ಸ್‌ಚರ್ ಹೈಗೆ ವಾಪಸ್ ಏರಿಸಿದೆ, ಎಫ್‌ಪಿಎಸ್ ಒಂದೂ ಇಳಿಯಲಿಲ್ಲ. ಕಾರ್ಡಿಗೆ ಕೆಲಸ ಕೊಡಿ, ಪ್ರೊಸೆಸರ್‌ನ ಭಾರ ಇಳಿಸಿ. ಹಳೇ ಸಿಪಿಯು ಇರುವವರಿಗೆ ಸೆಟ್ಟಿಂಗ್ಸ್ ವಿಷಯದಲ್ಲಿ ನಾನು ಹೇಳುವುದು ಇಷ್ಟೇ.

ಎಫ್‌ಎಸ್‌ಆರ್ 3 ಫ್ರೇಮ್ ಜನರೇಶನ್ ಸೈಬರ್‌ಪಂಕ್‌ಗೆ 2024ರ ಸೆಪ್ಟೆಂಬರ್‌ನ 2.13 ಪ್ಯಾಚ್‌ನಲ್ಲಿ ಬಂತು. ಈ ಕಾರ್ಡಿನಲ್ಲಿ ನಡೆಯುತ್ತದೆ. ನಡುವಿನ ಫ್ರೇಮ್‌ಗಳನ್ನು ಕಾರ್ಡೇ ಹುಟ್ಟಿಸುವುದರಿಂದ ಕಾಗದದ ಮೇಲೆ ಹಳೇ ಸಿಪಿಯುಗೆ ಹೇಳಿ ಮಾಡಿಸಿದ ಉಪಾಯ. ಸಂಖ್ಯೆ 90 ದಾಟಿತು. ಆದರೆ ನಮ್ಮದು 60 ಹರ್ಟ್ಸ್ ಮಾನಿಟರ್. ಪರದೆಯ ವೇಗಕ್ಕೆ ಫ್ರೇಮ್ ಕಟ್ಟುವ ವಿ-ಸಿಂಕ್ ಹಾಕಿದರೆ ಅಸಲಿ ಫ್ರೇಮ್ 30, ಉಳಿದ 30 ಹುಟ್ಟಿಸಿದ್ದು. ಮೌಸ್ ತಿರುಗಿಸಿದರೆ ಪರದೆ ಆಮೇಲೆ ತಿರುಗುತ್ತದೆ. 120 ಅಥವಾ 144 ಹರ್ಟ್ಸ್ ಪರದೆ ಇರುವವರು ನೋಡಬಹುದು, ನಮಗೆ ಆಗಲಿಲ್ಲ.

ಕೊನೆಗೆ ಕೈಹಿಡಿದಿದ್ದು ಬೇರೆಯೇ. ಸಿಪಿಯು 60 ಹಿಡಿದಿಡಲಾರದು, 50 ಹಿಡಿದಿಡಬಲ್ಲದು. 60 ಹರ್ಟ್ಸ್ ಪರದೆಯಲ್ಲಿ 50ಕ್ಕೆ ಕಟ್ಟಿದರೆ ಕೆಲವು ಫ್ರೇಮ್ ಎರಡು ಸಲ ಕಾಣಿಸಿಕೊಂಡು ಚಲನೆ ಕುಂಟುತ್ತದೆ. ಹಾಗಾಗಿ ಮಾನಿಟರನ್ನೇ 50 ಹರ್ಟ್ಸ್‌ಗೆ ಇಳಿಸಿದೆ. 1080ಪಿ 50 ಹರ್ಟ್ಸ್ ಎಚ್‌ಡಿಎಂಐನಲ್ಲಿ ಟಿವಿಗಳಿಗಾಗಿ ಇರುವ ಸಾಮಾನ್ಯ ಮೋಡ್. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿ ಇಲ್ಲದಿದ್ದರೆ ಎಎಂಡಿ ಡ್ರೈವರ್‌ನ ಕಸ್ಟಮ್ ರೆಸಲ್ಯೂಶನ್‌ನಲ್ಲಿ ಮಾಡಬಹುದು. ಮಾರ್ಕೆಟ್‌ನ ನಡುವೆ ಮಾತ್ರ ಒಂದೆರಡು ಕಡೆ ಇಳಿಯುತ್ತದೆ, ಉಳಿದೆಡೆ ಗೆರೆ ಎಳೆದ ಹಾಗೆ 50. ಹಾರಾಡುವ 57ಕ್ಕಿಂತ ಇದು ಎಷ್ಟೋ ವಾಸಿ.

ಉಳಿದ ಗೇಮ್‌ಗಳು, ಬೇಗ ಬೇಗ. ರೆಡ್ ಡೆಡ್ 2ರಲ್ಲಿ ಕಾಡು, ಬಯಲಲ್ಲಿ 70ರ ಮೇಲೆ, ಸೇಂಟ್ ಡೆನಿ ಪಟ್ಟಣದಲ್ಲಿ 56, ಲೋ 44. ಇದರ ಶಿಫಾರಸು ಪಟ್ಟಿಯಲ್ಲೇ ಐ7-4770ಕೆ ಇದೆ, ಪಟ್ಟಿ ಹೇಳಿದ್ದು ನಿಜವೇ. ಎಲ್ಡನ್ ರಿಂಗ್ 60ಕ್ಕೇ ಕಟ್ಟಿರುವ ಗೇಮ್, ಬಯಲಲ್ಲಿ 50ರವರೆಗೆ ಇಳಿಯುತ್ತದೆ. ಅದರ ಕನಿಷ್ಠ ಪಟ್ಟಿಯಲ್ಲಿ ಐ5-8400 ಇದೆ, ಆದರೂ 4790 ಓಡಿಸಿತು. ಅಲ್ಲಿ ಆಗಾಗ ಬರುವ ಸಣ್ಣ ತಡೆ ಹೊಸ ಪಿಸಿಗಳಲ್ಲೂ ಇದೆ, ಅದನ್ನು ಈ ಚಿಪ್ಪಿನ ಮೇಲೆ ಹಾಕಬಾರದು.

ಸೋತದ್ದು ಬಾಲ್ಡರ್ಸ್ ಗೇಟ್ 3ರಲ್ಲಿ. ಮೊದಲ ಅಂಕದಲ್ಲಿ 60ರ ಮೇಲೆ ಇದ್ದದ್ದು ಮೂರನೇ ಅಂಕದ ಪಟ್ಟಣಕ್ಕೆ ಹೋದ ಕೂಡಲೇ 36, ಲೋ 26. ಏನು ಇಳಿಸಿದರೂ ಏರಲಿಲ್ಲ. ಅಲ್ಲಿ ಪ್ರತಿ ಪಾತ್ರವೂ ತನ್ನ ಪಾಡಿಗೆ ಓಡಾಡಿಕೊಂಡಿರುತ್ತದೆ, ಎಲ್ಲದರ ಲೆಕ್ಕವೂ ಪ್ರೊಸೆಸರ್‌ದು. ಸರದಿಯ ಮೇಲೆ ಆಡುವ ಗೇಮ್ ಆದ್ದರಿಂದ ಹುಡುಗ ಗೊಣಗದೆ ಮುಗಿಸಿದ. ಇದೇ ಸಂಖ್ಯೆ ಶೂಟಿಂಗ್ ಗೇಮ್‌ನಲ್ಲಿ ಬಂದಿದ್ದರೆ ಆಡೋಕೆ ಆಗುತ್ತಿರಲಿಲ್ಲ.

ಹಂತ 8: ಯುಪಿಎಸ್

600 ವಿಎ ಯುಪಿಎಸ್, ಹೊರಲು ಆಗುವುದು 360 ವ್ಯಾಟ್. ಪ್ಲಗ್ ಮೀಟರ್‌ನಲ್ಲಿ ಗೇಮ್ ಆಡುವಾಗ ಪಿಸಿ 235 ವ್ಯಾಟ್, ಮಾನಿಟರ್ 25. ಲೆಕ್ಕದಲ್ಲಿ ಸಾಕು. ಆದರೆ ಕರೆಂಟ್ ಹೋದ ಮರುಗಳಿಗೆ ಎಲ್ಲ ಆಫ್. 12 ವೋಲ್ಟ್ 7 ಎಎಚ್ ಬ್ಯಾಟರಿ ಹಳೇದಾಗಿತ್ತು. ಹೊಸದು 950 ರೂ. ಈಗ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಗುತ್ತದೆ.

ಖರ್ಚು

ಪೆಟ್ಟಿಗೆ 4,000. ಸೆಲ್ 40. ಎಸ್‌ಎಂಪಿಎಸ್ 3,700. ಕಾರ್ಡ್ 12,000. ಎಸ್‌ಎಸ್‌ಡಿ 4,900. ದಂಡವಾದ ರ‍್ಯಾಮ್ 650, ಸರಿಯಾದದ್ದು 800. ಐ7 3,800. ಪೇಸ್ಟ್ 350. ಕೂಲರ್ 1,500. ಬಿ85 ಬೋರ್ಡ್ 2,900. ಒಟ್ಟು 34,640 ರೂ., ಯುಪಿಎಸ್ ಬ್ಯಾಟರಿ ಬಿಟ್ಟು. ಬಜೆಟ್ ದಾಟಿತು. ಐ5 ಮತ್ತು ಎಚ್81 ಬೋರ್ಡ್ ಸೇರಿಸಿ ಮಾರಿದ್ದರಿಂದ 1,800 ವಾಪಸ್ ಬಂತು.

ಈಗ ನೋಡಿ. ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಯಾವ ಪಿಸಿಗಾದರೂ ಬೇಕಾಗುವಂಥದ್ದು. ಅವನ್ನು ಬಿಟ್ಟರೆ ಹ್ಯಾಸ್‌ವೆಲ್ ಬಾಬ್ತು 14,040 ರೂ. ಅದೇ ಮೇ ತಿಂಗಳಲ್ಲಿ ರೈಜನ್ 5 5600, ಒಂದು ಸಾದಾ ಎಎಂ4 (ರೈಜನ್ ಕೂರುವ ಸಾಕೆಟ್) ಬೋರ್ಡ್, 16 ಜಿಬಿ ಡಿಡಿಆರ್4 ಎಲ್ಲ ಹೊಸದಕ್ಕೆ ಅಂಗಡಿಯಲ್ಲಿ ವಿಚಾರಿಸಿದಾಗ 18,000ದ ಆಸುಪಾಸು ಹೇಳಿದರು, ಕ್ಯಾಬಿನೆಟ್ ಬೇರೆ. ಉಳಿತಾಯ ನಾಲ್ಕೈದು ಸಾವಿರ. ಶುರುವಿನಲ್ಲೇ ಬಿ85 ಮತ್ತು 4790 ಇರುವ ಪೆಟ್ಟಿಗೆ ಏಳೆಂಟು ಸಾವಿರಕ್ಕೆ ಸಿಕ್ಕಿದ್ದರೆ ಲೆಕ್ಕ ಚೆನ್ನಾಗಿರುತ್ತಿತ್ತು. ಐ5 ಪೆಟ್ಟಿಗೆ ತಂದು ಒಂದೊಂದೇ ಬದಲಿಸುವ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ನಿಮ್ಮ ಹತ್ತಿರ 4770 ಅಥವಾ 4790 ಈಗಾಗಲೇ ಇದೆ ಅಂದರೆ ಮಾತು ಬೇರೆ. ಕೂಲರ್, ಎರಡನೇ ರ‍್ಯಾಮ್ ಕಡ್ಡಿ, ಒಂದು ಕಾರ್ಡ್ ಹಾಕಿ ಆರಾಮಾಗಿ ಆಡಿ.

ಹಂತ 9: ವೇಗಕ್ಕೆ ಸಂಬಂಧವಿಲ್ಲದ ಗೋಡೆ (ಅಕ್ಟೋಬರ್)

ಐದು ತಿಂಗಳು ತೊಂದರೆಯಿಲ್ಲದೆ ನಡೆಯಿತು. ಅಕ್ಟೋಬರ್ 10ಕ್ಕೆ ಬ್ಯಾಟಲ್‌ಫೀಲ್ಡ್ 6 ಬಂತು. ಹುಡುಗನ ಗೆಳೆಯರೆಲ್ಲ ಅದಕ್ಕೆ ಹೋದರು. ಅದರ ಕನಿಷ್ಠ ಪಟ್ಟಿಯಲ್ಲಿ ಐ5-8400 ಇದೆ. ಸ್ವಲ್ಪ ಹಿಂದೆ ಮುಂದೆ ಆದರೂ ಓಡೀತು ಅಂದುಕೊಳ್ಳಬಹುದಿತ್ತು. ಆದರೆ ಅದು ಟಿಪಿಎಂ 2.0 (ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಆನ್ ಆಗುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ, ಚೀಟಿಂಗ್ ತಡೆಯೋಕೆ. ನಮ್ಮ ಬೋರ್ಡ್‌ನಲ್ಲಿ ಟಿಪಿಎಂ 2.0 ಇಲ್ಲ. ಸೆಟ್ಟಿಂಗ್ಸ್ ಇಳಿಸಿ ದಾಟುವ ಗೋಡೆ ಇದಲ್ಲ. ವ್ಯಾಲೊರಂಟ್ ಕೂಡ ವಿಂಡೋಸ್ 11ರಲ್ಲಿ ಇವೆರಡನ್ನೂ ಕೇಳುತ್ತದೆ. ಒಬ್ಬರೇ ಆಡುವ ಗೇಮ್‌ಗಳಿಗೆ ಈ ತಕರಾರಿಲ್ಲ. ಆನ್‌ಲೈನ್ ಆಡುವವರು ಮಾತ್ರ ಹಳೇ ಸಿಪಿಯುಗೆ ದುಡ್ಡು ಹಾಕುವ ಮುಂಚೆ ಇದನ್ನೇ ಮೊದಲು ನೋಡಿ.

ಅದೇ ವಾರ, ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ಗಿಂತ ಹಳೇದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ತಪಾಸಣೆ ತಪ್ಪಿಸಿ ಹಾಕುವ ದಾರಿಗಳಿವೆ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಮತ್ತೆ ತಲೆನೋವು, ಹುಡುಗ ಒಬ್ಬನೇ ಇದ್ದಾಗ ಅದು ಕೈಕೊಟ್ಟರೆ ನನಗೆ ಫೋನ್. ಸದ್ಯಕ್ಕೆ ಭದ್ರತಾ ಅಪ್‌ಡೇಟ್‌ಗಳ ಒಂದು ವರ್ಷದ ವಿಸ್ತರಣೆಗೆ ನೋಂದಾಯಿಸಿದೆ. ಅದು 2026ರ ಅಕ್ಟೋಬರ್ 13ರವರೆಗೆ.

ಅಷ್ಟರಲ್ಲಿ ಎಎಂ4ಗೆ ಹೋಗುವ ಯೋಚನೆ ಇದೆ. ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಹಾಗೇ ಹೋಗುತ್ತವೆ. ಕೂಲರ್ ಡಬ್ಬದಲ್ಲಿ ಎಎಂ4 ಕ್ಲಿಪ್ ಇದೆ. ತೊಡಕು ರ‍್ಯಾಮ್‌ನದು. 2025ರ ಕೊನೆಗೆ ಬರುತ್ತಾ ಡಿಡಿಆರ್4 ಬೆಲೆ ಏರುತ್ತಲೇ ಹೋಯಿತು, ಮೇ ತಿಂಗಳ ಲೆಕ್ಕ ಹಿಡಿಯಲಿಲ್ಲ. 4790, ಬಿ85, 16 ಜಿಬಿ ಮೂರನ್ನೂ ಸೇರಿಸಿ ಕೊಟ್ಟರೆ 5,500 ಕೊಡುತ್ತೇನೆ ಅಂತ ಎಸ್‌ಪಿ ರೋಡ್‌ನಲ್ಲಿ ಒಬ್ಬರು ಹೇಳಿದ್ದಾರೆ. ಡಿಡಿಆರ್4 ಇಳಿಯುವ ತನಕ ಕೊಡುವುದಿಲ್ಲ.